ಡಯಲ್ ಮಾಡುವ ಕೆಲಸ ರೂಟರಿಗೇ ಇರಲಿ: ಮನೆಯ ಇಂಟರ್ನೆಟ್ ಜೋಡಣೆಯನ್ನು ಸುಲಭವಾಗಿಸುವ ಬಗೆ

ಉಡುಪಿ, ಮಂಗಳೂರು ಭಾಗದ ಬಹಳಷ್ಟು ಮನೆಗಳಲ್ಲಿ ಇಂಟರ್ನೆಟ್ ಬಳಸುವವರು ಒಬ್ಬರು, ಅದನ್ನು ಜೋಡಿಸಿಕೊಟ್ಟವರು ಇನ್ನೊಬ್ಬರು. ಬ್ರಹ್ಮಾವರದಲ್ಲೋ ಕಾರ್ಕಳದಲ್ಲೋ ಮನೆ ನೋಡಿಕೊಂಡಿರುವ ತಂದೆತಾಯಿ ಮೊಮ್ಮಕ್ಕಳ ಮುಖ ನೋಡುವುದು, ಕರೆಂಟ್ ಬಿಲ್ಲು ಕಟ್ಟುವುದು, ಯಕ್ಷಗಾನದ ನೇರ ಪ್ರಸಾರ ನೋಡುವುದು ಎಲ್ಲವೂ ಆ ಸಂಪರ್ಕದಿಂದಲೇ. ಆದರೆ ಅದರ ಪಾಸ್‌ವರ್ಡ್ ಬೆಂಗಳೂರಿನಲ್ಲಿರುವ ಮಗನ ಫೋನಿನಲ್ಲೋ, ಲೈನ್ ಎಳೆದು ಹೋದ ಹುಡುಗನ ನೆನಪಿನಲ್ಲೋ ಇರುತ್ತದೆ. ಸಂಪರ್ಕ ಕೆಟ್ಟ ದಿನ ಮನೆಯಲ್ಲಿದ್ದವರು ಏನೂ ತೋಚದೆ ಕೂರಬೇಕಾಗಿ ಬರುವುದಕ್ಕೆ ಮುಖ್ಯ ಕಾರಣ, ಜೋಡಣೆಯ ದಿನ ಅರ್ಧಕ್ಕೆ ಬಿಟ್ಟ ಕೆಲಸ. ಆ ಉಳಿದ ಅರ್ಧವನ್ನು ಮುಗಿಸುವುದು ಹೇಗೆಂಬುದನ್ನು, ಮನೆಯವರಿಗೋ ನೆರೆಯವರಿಗೋ ಸಂಪರ್ಕ ಸರಿಮಾಡಿಕೊಡುವ, ಕಂಪ್ಯೂಟರಿನ ಬಳಕೆ ಅಲ್ಪಸ್ವಲ್ಪ ಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಡಯಲ್-ಅಪ್ ಕಾಲದಿಂದ ಉಳಿದುಬಂದದ್ದು

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ, ಮೊದಲಿಗೆ ದೊಡ್ಡ ನಗರಗಳಲ್ಲಿ. ಅದು ಡಯಲ್-ಅಪ್ ಸಂಪರ್ಕ. ಕಂಪ್ಯೂಟರಿಗೆ ಜೋಡಿಸಿದ ಮೋಡೆಮ್ ಸಾಮಾನ್ಯ ಫೋನಿನ ಹಾಗೆಯೇ ಒಂದು ನಂಬರಿಗೆ ಕರೆ ಮಾಡಿ, ಆ ಬದಿಯ ಮೋಡೆಮ್ ಜತೆ ಕಿರುಗುಟ್ಟಿ ಹೊಂದಿಕೊಂಡು, ಕೊನೆಕೊನೆಗೆ ಬಂದ ಮೋಡೆಮ್‌ಗಳಲ್ಲೂ ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೋಬಿಟ್ ವೇಗದಲ್ಲಿ ಮಾಹಿತಿ ತರುತ್ತಿತ್ತು. ಅಷ್ಟು ಹೊತ್ತೂ ಮನೆಯ ಫೋನು ಎಂಗೇಜ್.

ವೇಗಕ್ಕಿಂತಲೂ ಸಾಮಾನ್ಯರನ್ನು ಹೆಚ್ಚು ಕಾಡಿದ್ದು ಬಳಸುವವರು ತಿಳಿದಿರಬೇಕಾಗಿದ್ದ ಸಂಗತಿಗಳು. ಮೋಡೆಮ್ ಯಾವ ಪೋರ್ಟಿನಲ್ಲಿದೆ, ಎಕ್ಸ್‌ಚೇಂಜ್ ಟೋನ್ ಒಪ್ಪುತ್ತದೆಯೋ ಪಲ್ಸ್ ಮಾತ್ರವೋ, ಕಚೇರಿಯ ಲೈನಾದರೆ ಹೊರಗಿನ ಡಯಲ್ ಟೋನ್‌ಗಾಗಿ ಸೊನ್ನೆ ಒತ್ತಿದ ಮೇಲೆ ಎಷ್ಟು ಹೊತ್ತು ತಡೆಯಬೇಕು ಎಂಬುದೆಲ್ಲ ಬಳಸುವವರ ತಲೆಗೇ ಬರುತ್ತಿತ್ತು. ನಂಬರಿನ ನಡುವೆ ಒಂದು ಅಲ್ಪವಿರಾಮ ಹಾಕಿದರೆ ಮೋಡೆಮ್ ಎರಡು ಸೆಕೆಂಡು ನಿಂತು ಮುಂದುವರಿಯುತ್ತದೆ ಎಂಬ ಒಂದು ಸಂಗತಿ ಗೊತ್ತಿಲ್ಲದೆ ಎಷ್ಟೋ ಕಚೇರಿಗಳಲ್ಲಿ ಸಂಪರ್ಕವೇ ಸಿಗುತ್ತಿರಲಿಲ್ಲ. ಇಷ್ಟೆಲ್ಲ ಆದ ಮೇಲೂ ವಿಂಡೋಸ್ ಪರದೆಯ ಮೇಲೆ ಒಂದು ಸಂಖ್ಯೆ ತೋರಿಸಿ ಸುಮ್ಮನಾಗುವುದಿತ್ತು: 680 ಎಂದರೆ ಡಯಲ್ ಟೋನ್ ಇಲ್ಲ, 678 ಎಂದರೆ ಆ ಕಡೆಯಿಂದ ಉತ್ತರವಿಲ್ಲ, 691 ಎಂದರೆ ಯೂಸರ್ ನೇಮ್ ಅಥವಾ ಪಾಸ್‌ವರ್ಡ್ ಒಪ್ಪಿತವಾಗಿಲ್ಲ.

ಈ ಮೂರು ಸಂಖ್ಯೆಗಳನ್ನು ಹಳೆಯ ನೆನಪಿಗಾಗಿ ಹೇಳುತ್ತಿಲ್ಲ. ಲೈನಿಗೆ ಜೀವ ಇದೆಯೇ, ಆ ಕಡೆಯವರು ಉತ್ತರಿಸುತ್ತಿದ್ದಾರೆಯೇ, ಉತ್ತರಿಸಿದವರು ನಮ್ಮನ್ನು ಗುರುತಿಸಿದರೇ ಎಂಬ ಈ ಮೂರು ಪ್ರಶ್ನೆಗಳು ಇದೇ ಕ್ರಮದಲ್ಲಿ ಇಂದಿನ ಫೈಬರ್ ಸಂಪರ್ಕದಲ್ಲೂ ಬರುತ್ತವೆ. ಡಯಲ್-ಅಪ್‌ನಲ್ಲಿ ಕರೆ ಸಿಕ್ಕ ಮೇಲೆ ಗುರುತು ಹೇಳಿ ವಿಳಾಸ ಪಡೆಯಲು ಬಳಸುತ್ತಿದ್ದ ಪಿಪಿಪಿ ಎಂಬ ವಿಧಾನವನ್ನೇ 1999ರಲ್ಲಿ ಈಥರ್ನೆಟ್ ತಂತಿಗೆ ಒಗ್ಗಿಸಿ ಪಿಪಿಪಿಒಇ ಎಂದು ಕರೆದರು. ಬಿಎಸ್‌ಎನ್‌ಎಲ್ 2005ರಲ್ಲಿ ಟೆಲಿಫೋನ್ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಕೊಡಲಾರಂಭಿಸಿದಾಗ ಬಂದದ್ದು ಅದೇ. ಇಂದು ಬಿಎಸ್‌ಎನ್‌ಎಲ್ ಫೈಬರಿನಲ್ಲೂ, ಕೇಬಲ್ ಆಪರೇಟರುಗಳ ಹಲವು ಸಂಪರ್ಕಗಳಲ್ಲೂ ಇರುವುದು ಅದೇ. ನಂಬರು ಒತ್ತುವುದಿಲ್ಲ, ಕಿರುಗುಟ್ಟುವ ಸದ್ದಿಲ್ಲ ಎಂಬುದನ್ನು ಬಿಟ್ಟರೆ ಡಯಲ್ ಮಾಡುವ ಕ್ರಿಯೆ ನಡೆದೇ ಇದೆ. ಕೆಲವು ಕಂಪನಿಗಳ ಸಂಪರ್ಕದಲ್ಲಿ ಮಾತ್ರ ಮನೆಯಲ್ಲಿ ಕೂರಿಸುವ ಪೆಟ್ಟಿಗೆಯ (ಮೋಡೆಮ್, ರೂಟರ್ ಎರಡೂ ಸೇರಿದ ಉಪಕರಣ) ಕ್ರಮಸಂಖ್ಯೆಯೇ ಗುರುತಾಗಿ ನಡೆಯುವುದರಿಂದ ಯೂಸರ್ ನೇಮಿನ ಪ್ರಶ್ನೆಯೇ ಬರುವುದಿಲ್ಲ. ಅಂಥ ಮನೆಯವರು ಈ ಬರಹದ ವೈಫೈ ಭಾಗಕ್ಕೆ ನೇರವಾಗಿ ಹೋಗಬಹುದು.

ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ ಹಲವು ಮನೆಗಳ ಮೋಡೆಮ್‌ಗಳನ್ನು ಬ್ರಿಡ್ಜ್ ಸ್ಥಿತಿಯಲ್ಲಿ ಬಿಟ್ಟು ಹೋಗುತ್ತಿದ್ದರು. ಹಾಗೆ ಬಿಟ್ಟರೆ ಮೋಡೆಮ್ ಬರೀ ಸೇತುವೆಯಾಗುತ್ತದೆ, ಡಯಲ್ ಮಾಡುವ ಹೊಣೆ ಕಂಪ್ಯೂಟರಿನ ಮೇಲೆ ಬೀಳುತ್ತದೆ. ಪ್ರತಿ ಬೆಳಗ್ಗೆ ‘ಬ್ರಾಡ್‌ಬ್ಯಾಂಡ್ ಕನೆಕ್ಷನ್’ ಎಂಬ ಚಿತ್ರದ ಮೇಲೆ ಎರಡು ಸಲ ಒತ್ತಿ, ಪಾಸ್‌ವರ್ಡ್ ಕೊಡಬೇಕಾಗುತ್ತದೆ. ಸಾಮಾನ್ಯ ಬಳಕೆದಾರರಿಗೆ ಜೋಡಣೆ ಕಷ್ಟವೆನಿಸಿದ್ದರಲ್ಲಿ ದೊಡ್ಡ ಪಾಲು ಇದರದೇ. ಡಯಲ್ ಮಾಡುವ ಕೆಲಸವನ್ನು ಸಂಪೂರ್ಣವಾಗಿ ಪೆಟ್ಟಿಗೆಯೊಳಗೆ ತಳ್ಳಿಬಿಟ್ಟು, ಮನೆಯವರ ಪಾಲಿಗೆ ಒಂದು ಸ್ವಿಚ್ಚು, ಒಂದು ವೈಫೈ ಪಾಸ್‌ವರ್ಡ್, ಒಂದು ದೂರಿನ ನಂಬರು ಇಷ್ಟನ್ನೇ ಉಳಿಸುವುದು ನಾವು ಮಾಡಬೇಕಾದ ಕೆಲಸ.

ಲೈನಿನವರು ಎದ್ದು ಹೋಗುವ ಮೊದಲು

ಫೈಬರ್ ಎಳೆಯಲು ಬಂದವರು ತಮ್ಮ ಕೆಲಸವನ್ನು ಬಲು ಬೇಗ ಮುಗಿಸುತ್ತಾರೆ. ಗೋಡೆಗೆ ಪೆಟ್ಟಿಗೆ ಹೊಡೆದು, ತಮ್ಮ ಫೋನಿನಿಂದಲೇ ಏನೇನೋ ತುಂಬಿಸಿ, ಯೂಟ್ಯೂಬ್ ಓಡುವುದನ್ನು ತೋರಿಸಿ ಹೊರಟುಬಿಡುತ್ತಾರೆ. ಅವರಿಗೆ ಚಹಾ ಕೊಟ್ಟು ಕೂರಿಸಿಕೊಂಡು ಕೇಳಿ ಬರೆದುಕೊಳ್ಳಬೇಕಾದ ಸಂಗತಿಗಳಿವೆ: ಪಿಪಿಪಿಒಇ ಯೂಸರ್ ನೇಮ್ ಮತ್ತು ಅದರ ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಕಂಪನಿಯ ಜಾಲದಲ್ಲಿ ಇಂಟರ್ನೆಟ್ ಹರಿಯುವ ದಾರಿಯ ಗುರುತು), ಪೆಟ್ಟಿಗೆಯ ಸೆಟ್ಟಿಂಗ್ ಪುಟಕ್ಕೆ ಹೋಗುವ ಅಡ್ಮಿನ್ ಪಾಸ್‌ವರ್ಡ್, ಗ್ರಾಹಕ ಸಂಖ್ಯೆ ಮತ್ತು ದೂರು ಕೊಡಬೇಕಾದ ನಂಬರು. ವಿಲ್ಯಾನ್ ಸಂಖ್ಯೆಯನ್ನು ಬಹುತೇಕ ಯಾರೂ ಕೇಳುವುದಿಲ್ಲ. ಆದರೆ ಮುಂದೊಂದು ದಿನ ಪೆಟ್ಟಿಗೆ ಬದಲಿಸಬೇಕಾಗಿ ಬಂದಾಗ ಯೂಸರ್ ನೇಮ್, ಪಾಸ್‌ವರ್ಡ್ ಎರಡೂ ಸರಿಯಿದ್ದರೂ ಈ ಒಂದು ಸಂಖ್ಯೆ ಇಲ್ಲದೆ ಆ ಕಡೆಯಿಂದ ಉತ್ತರವೇ ಬರುವುದಿಲ್ಲ. ಹಳೆಯ 678ರ ಪರಿಸ್ಥಿತಿಯೇ ಅದು.

ಯೂಸರ್ ನೇಮನ್ನು ಬಾಯಲ್ಲಿ ಕೇಳಿ ಬರೆದುಕೊಳ್ಳುವುದು ಸಾಲದು, ಪರದೆಯ ಫೋಟೋ ತೆಗೆದುಕೊಳ್ಳಿ. ಸ್ಥಿರ ದೂರವಾಣಿಯ ನಂಬರಿನ ಮುಂದೆ ಉಡುಪಿಯ 0820 ಅಥವಾ ಮಂಗಳೂರಿನ 0824 ಸೇರಿಸಿ, ಅಂಡರ್‌ಸ್ಕೋರ್, ಚುಕ್ಕೆ, ‘ಅಟ್’ ಚಿಹ್ನೆಗಳ ಬಾಲ ಹಚ್ಚಿದ ಉದ್ದನೆಯ ಹೆಸರುಗಳು ಬಳಕೆಯಲ್ಲಿವೆ. ಅಂಡರ್‌ಸ್ಕೋರಿಗೆ ಬದಲು ಅಡ್ಡಗೆರೆ ಬರೆದುಕೊಂಡರೆ ಸಾಕು, ಆರು ತಿಂಗಳ ಮೇಲೆ ಯಾರೋ ಒಬ್ಬರು ಇಡೀ ಮಧ್ಯಾಹ್ನ ಕಳೆಯಬೇಕಾಗುತ್ತದೆ.

ಪೆಟ್ಟಿಗೆಯೊಳಗಿನ ಸೆಟ್ಟಿಂಗು

ಪೆಟ್ಟಿಗೆಯ ಹಿಂಬದಿಯ ಚೀಟಿಯಲ್ಲಿ ಅದರ ವಿಳಾಸ ಮುದ್ರಿತವಾಗಿರುತ್ತದೆ. ಹೆಚ್ಚಾಗಿ ಅದು 192.168.1.1 ಅಥವಾ 192.168.0.1. ಅದೇ ವೈಫೈಗೆ ಸೇರಿಕೊಂಡ ಕಂಪ್ಯೂಟರಿನ ಬ್ರೌಸರಿನಲ್ಲಿ ಆ ವಿಳಾಸವನ್ನು ಹೊಡೆದರೆ ಸೆಟ್ಟಿಂಗ್ ಪುಟ ತೆರೆಯುತ್ತದೆ. ಅಲ್ಲಿ ಹೊರಗಿನ ಸಂಪರ್ಕದ ವಿವರವಿರುವ ‘ವ್ಯಾನ್’ ಎಂಬ ಭಾಗಕ್ಕೆ ಹೋಗಿ, ಬದಲಾಯಿಸುವ ಮೊದಲು ಇದ್ದ ಹಾಗೆಯೇ ಒಂದು ಫೋಟೋ ತೆಗೆದುಕೊಳ್ಳಿ. ಸ್ಥಿತಿ ‘ಬ್ರಿಡ್ಜ್’ ಎಂದಿದ್ದರೆ ‘ರೂಟ್’ ಎಂದು ಮಾಡಬೇಕು, ಸಂಪರ್ಕದ ಬಗೆ ಪಿಪಿಪಿಒಇ ಆಗಿರಬೇಕು, ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆಗಳನ್ನು ಬರೆದುಕೊಂಡ ಹಾಗೆಯೇ ತುಂಬಬೇಕು.

ಯಾವಾಗ ಡಯಲ್ ಮಾಡಬೇಕು ಎಂದು ಕೇಳುವ ಒಂದು ಆಯ್ಕೆ ಅದೇ ಪುಟದಲ್ಲಿರುತ್ತದೆ. ‘ಮ್ಯಾನುಯಲ್’, ‘ಆನ್ ಡಿಮಾಂಡ್’, ‘ಆಲ್ವೇಸ್ ಆನ್’ ಎಂಬ ಮೂರರಲ್ಲಿ ಮೂರನೆಯದನ್ನು ಆರಿಸಿ. ಬಳಕೆಯ ಹೊತ್ತಿಗೆ ತಕ್ಕಂತೆ ಹಣ ಕೊಡುತ್ತಿದ್ದ ಕಾಲಕ್ಕೆ, ಯಾರೂ ಬಳಸದಿದ್ದಾಗ ಲೈನ್ ಕಡಿಯುವ ‘ಆನ್ ಡಿಮಾಂಡ್’ ಅರ್ಥಪೂರ್ಣವಾಗಿತ್ತು. ತಿಂಗಳಿಗಿಷ್ಟು ಎಂದು ಕಟ್ಟುವ ಇಂದಿನ ಯೋಜನೆಗಳಲ್ಲಿ ಅದು ಮೊದಲ ಪುಟ ತೆರೆಯುವಾಗ ತಡಮಾಡಿ ತೊಂದರೆ ಕೊಡುವುದಷ್ಟೇ. ‘ಎಂಟಿಯು’ ಎಂಬ ಜಾಗದಲ್ಲಿ 1492 ಇರಲಿ. ಈಥರ್ನೆಟ್‌ನಲ್ಲಿ ಒಂದು ಸಲಕ್ಕೆ ಸಾಗುವ 1500 ಬೈಟ್‌ಗಳಲ್ಲಿ 8 ಬೈಟ್‌ಗಳನ್ನು ಪಿಪಿಪಿಒಇ ತನ್ನ ತಲೆಬರಹಕ್ಕೆ ತೆಗೆದುಕೊಳ್ಳುವುದರಿಂದ ಉಳಿಯುವುದು ಅಷ್ಟು. ಇದು ತಪ್ಪಿದರೆ ಬರುವ ತೊಂದರೆ ವಿಚಿತ್ರವಾದದ್ದು: ಕೆಲವು ತಾಣಗಳು ಚೆನ್ನಾಗಿ ತೆರೆಯುತ್ತವೆ, ಕೆಲವು ಅರ್ಧಕ್ಕೆ ನಿಲ್ಲುತ್ತವೆ, ಮನೆಯವರು ಆ ತಾಣವನ್ನೋ ಬ್ಯಾಂಕನ್ನೋ ಬಯ್ಯುತ್ತಾರೆ.

ಕಂಪನಿಯ ಪೆಟ್ಟಿಗೆಯ ಜತೆ ನೀವೇ ಕೊಂಡ ಇನ್ನೊಂದು ರೂಟರ್ ಇದ್ದರೆ, ಡಯಲ್ ಮಾಡುವುದು ಎರಡರಲ್ಲಿ ಒಂದೇ ಆಗಿರಬೇಕು. ಒಂದು ಯೂಸರ್ ನೇಮಿಗೆ ಸಾಮಾನ್ಯವಾಗಿ ಒಂದೇ ಸಂಪರ್ಕವನ್ನು ಕೊಡುವುದರಿಂದ ಎರಡೂ ಪ್ರಯತ್ನಿಸಿದರೆ ಒಂದಕ್ಕೆ ಪ್ರವೇಶ ಸಿಗುವುದಿಲ್ಲ. ಸಾಮಾನ್ಯರ ಮನೆಗೆ ನನ್ನ ಸಲಹೆಯೆಂದರೆ ಕಂಪನಿಯ ಪೆಟ್ಟಿಗೆಯೇ ಡಯಲ್ ಮಾಡಲಿ, ಸ್ವಂತ ರೂಟರನ್ನು ‘ಆ್ಯಕ್ಸೆಸ್ ಪಾಯಿಂಟ್’ ಸ್ಥಿತಿಗೆ ತಂದು ವೈಫೈ ಹರಡಲು ಮಾತ್ರ ಬಳಸಿ. ಬಲ್ಲವರು ಇದಕ್ಕೆ ತಲೆಯಾಡಿಸದೆ ಇರಬಹುದು, ಏಕೆಂದರೆ ಸ್ವಂತ ರೂಟರಿನಲ್ಲಿ ಸೌಲಭ್ಯ ಹೆಚ್ಚು. ಆದರೆ ಮನೆಯಲ್ಲಿ ನೀವಿಲ್ಲದ ದಿನ ಬರುವ ಲೈನಿನವರಿಗೆ ಗೊತ್ತಿರುವುದು ಅವರ ಕಂಪನಿಯ ಪೆಟ್ಟಿಗೆ ಮಾತ್ರ. ಕಂಪ್ಯೂಟರಿನಲ್ಲಿ ಹಳೆಯ ‘ಬ್ರಾಡ್‌ಬ್ಯಾಂಡ್ ಕನೆಕ್ಷನ್’ ಉಳಿದಿದ್ದರೆ ಅದನ್ನು ಅಳಿಸಿಬಿಡಿ. ಕಣ್ಣಿಗೆ ಬಿದ್ದರೆ ಯಾರಾದರೂ ಒತ್ತಿಯೇ ಒತ್ತುತ್ತಾರೆ.

ಎಲ್ಲ ಮುಗಿದ ಮೇಲೆ ಪೆಟ್ಟಿಗೆಯ ಸ್ವಿಚ್ಚನ್ನು ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿ, ಯಾವುದನ್ನೂ ಮುಟ್ಟದೆ ಕುಳಿತುಕೊಳ್ಳಿ. ಐದು ನಿಮಿಷದೊಳಗೆ ಮನೆಯ ಫೋನುಗಳಿಗೆಲ್ಲ ಇಂಟರ್ನೆಟ್ ತಾನಾಗಿ ಬಂದರೆ ಜೋಡಣೆ ಆದಂತೆ. ಎಲ್ಲಾದರೂ ಒಂದು ಗುಂಡಿ ಒತ್ತಬೇಕಾಗಿ ಬಂದರೆ ಇನ್ನೂ ಆಗಿಲ್ಲ.

ವೈಫೈ ಹೆಸರು, ಪಾಸ್‌ವರ್ಡ್, ಜಾಗ

ವೈಫೈ ಪಾಸ್‌ವರ್ಡಿಗೆ ಕನಿಷ್ಠ 8 ಅಕ್ಷರ ಬೇಕು. 12 ದಾಟಿದರೆ ಒಳ್ಳೆಯದು. ಪೆಟ್ಟಿಗೆಯ ಚೀಟಿಯಲ್ಲಿರುವಂಥ ಅಡ್ಡಾದಿಡ್ಡಿ ಅಕ್ಷರಗಳನ್ನು ಎಪ್ಪತ್ತು ದಾಟಿದವರು ಬಂದ ನೆಂಟರಿಗೆ ಓದಿ ಹೇಳುವುದು ಕಷ್ಟ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪರಿಚಿತ ಪದಗಳನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ ಕೊನೆಗೆ ಎರಡು ಅಂಕಿ ಸೇರಿಸುವುದು ಸುಲಭದ ದಾರಿ. ಮನೆಯ ಹೆಸರು, ಮಕ್ಕಳ ಹೆಸರು, ಹುಟ್ಟಿದ ವರ್ಷ ಬೇಡ. ಪದ ಆರಿಸುವಾಗ ಇಂಗ್ಲಿಷಿನಲ್ಲಿ ಒಂದೇ ರೀತಿ ಬರೆಯಬಹುದಾದದ್ದನ್ನು ನೋಡಿಕೊಳ್ಳಿ: ದೋಣಿಯನ್ನು ಒಬ್ಬರು ‘ಎಚ್’ ಸೇರಿಸಿ ಬರೆದರೆ ಇನ್ನೊಬ್ಬರು ಬಿಟ್ಟು ಬರೆಯುತ್ತಾರೆ, ಮೀನಿಗೆ ಒಬ್ಬರು ಎರಡು ‘ಇ’ ಹಾಕಿದರೆ ಇನ್ನೊಬ್ಬರು ಒಂದು ‘ಐ’ ಹಾಕುತ್ತಾರೆ. ‘ಮರ’, ‘ಕಸ’, ‘ನಗು’ ಇಂಥವು ಆ ತಕರಾರಿಲ್ಲದ ಪದಗಳು. ಭದ್ರತೆಯ ಬಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆಗಿರಲಿ, ಪಾಸ್‌ವರ್ಡ್ ಹೊಡೆಯದೆ ಗುಂಡಿ ಒತ್ತಿಯೋ ಪಿನ್ ಕೊಟ್ಟೋ ಸೇರಿಕೊಳ್ಳುವ ಡಬ್ಲ್ಯುಪಿಎಸ್ ಎಂಬುದನ್ನು ಆಫ್ ಮಾಡಿಬಿಡಿ.

ಕಂಪನಿ ಬದಲಾಗಿ ಹೊಸ ಪೆಟ್ಟಿಗೆ ಬಂದಾಗ ಹಳೆಯ ವೈಫೈಯ ಹೆಸರನ್ನೂ ಪಾಸ್‌ವರ್ಡನ್ನೂ ಒಂದಕ್ಷರ ಬದಲಿಸದೆ ಹೊಸದಕ್ಕೂ ಕೊಡಿ. ಟಿವಿ, ಫೋನು, ಪ್ರಿಂಟರ್, ಸಿಸಿಟಿವಿ ಎಲ್ಲವೂ ಏನೂ ಆಗಿಲ್ಲವೆಂಬಂತೆ ಸೇರಿಕೊಳ್ಳುತ್ತವೆ. ಟಿವಿಯ ರಿಮೋಟಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಪಾಸ್‌ವರ್ಡ್ ಹೊಡೆದ ಅನುಭವವಿದ್ದವರಿಗೆ ಇದರ ಬೆಲೆ ಗೊತ್ತು.

ನಮ್ಮ ಹಳೆಯ ಮನೆಗಳ ಕೆಂಪುಕಲ್ಲಿನ ಗೋಡೆಗಳು ದಪ್ಪ. 5 ಗಿಗಾಹರ್ಟ್ಸ್ ವೈಫೈ ಅಂಥ ಒಂದು ಗೋಡೆ ದಾಟುವಾಗಲೇ ಸೊರಗುತ್ತದೆ, 2.4 ಗಿಗಾಹರ್ಟ್ಸ್ ನಿಧಾನವಾದರೂ ಇನ್ನಷ್ಟು ದೂರ ಹೋಗುತ್ತದೆ. ಫೈಬರ್ ಎಲ್ಲಿಂದ ಒಳಗೆ ಬರುತ್ತದೆಯೋ ಆ ಮೂಲೆಯಲ್ಲೇ ಪೆಟ್ಟಿಗೆ ಹೊಡೆಯಲು ಬಿಡದೆ, ಮನೆಯವರು ಹೆಚ್ಚು ಹೊತ್ತು ಕೂರುವ ಚಾವಡಿಗೋ ನಡುಕೋಣೆಗೋ ಎಳೆಸಿಕೊಳ್ಳಿ. ಕಬ್ಬಿಣದ ಕಪಾಟಿನ ಹಿಂದೆ, ಫ್ರಿಜ್ಜಿನ ಮೇಲೆ ಬೇಡ. ಹಿಂದಿನ ಕೋಣೆಗೆ ತಲುಪದಿದ್ದರೆ ವೈಫೈಯನ್ನೇ ಮತ್ತೆ ಹರಡುವ ಅಗ್ಗದ ಎಕ್ಸ್‌ಟೆಂಡರಿಗಿಂತ ಅಲ್ಲಿಯವರೆಗೆ ಒಂದು ಲ್ಯಾನ್ ಕೇಬಲ್ ಎಳೆದು ಎರಡನೆಯ ರೂಟರನ್ನು ಆ್ಯಕ್ಸೆಸ್ ಪಾಯಿಂಟಾಗಿ ಇಡುವುದೇ ಬಾಳಿಕೆ ಬರುವ ಪರಿಹಾರ.

ಸಿಡಿಲು, ಕರೆಂಟು ಮತ್ತು ಆ ಸಣ್ಣ ತೂತು

ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಏಪ್ರಿಲ್, ಮೇ ತಿಂಗಳಲ್ಲೂ, ಮತ್ತೆ ಅಕ್ಟೋಬರಿನ ಸಂಜೆಗಳಲ್ಲೂ ಬರುವ ಗುಡುಗು ಸಿಡಿಲಿಗೆ ಹೋಗುವ ಉಪಕರಣಗಳಲ್ಲಿ ರೂಟರ್ ಮುಂಚೂಣಿಯಲ್ಲಿದೆ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲವೆಂಬುದು ನಿಜ. ಆದರೆ ಅಡಾಪ್ಟರಿನ ಮೂಲಕ, ಅಂಗಳದ ಸಿಸಿಟಿವಿಗೆ ಎಳೆದ ಲ್ಯಾನ್ ಕೇಬಲಿನ ಮೂಲಕ ಅದು ಬರುತ್ತದೆ. ತಾಮ್ರದ ಟೆಲಿಫೋನ್ ತಂತಿ ಇನ್ನೂ ಇರುವ ಮನೆಗಳಲ್ಲಿ ಅಪಾಯ ಇನ್ನೂ ಹೆಚ್ಚು. ಆಕಾಶ ಕಪ್ಪಾಗುವಾಗಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡಬೇಕು, ತಾಮ್ರದ ತಂತಿಯಿದ್ದರೆ ಅದನ್ನೂ ತೆಗೆಯಬೇಕು. ಸ್ವಿಚ್ಚು ಆರಿಸಿದರಷ್ಟೇ ಸಾಲದು. ಹಾಗೆ ಮಾಡಲು ಕೈಗೆ ಎಟಕುವ ಎತ್ತರದಲ್ಲಿ ಪ್ಲಗ್ ಇರಬೇಕೆಂಬುದನ್ನು ಜಾಗ ಆರಿಸುವಾಗಲೇ ಯೋಚಿಸಿರಬೇಕು. ಫೈಬರಿನ ಎಳೆಯನ್ನು ಮಾತ್ರ ಕೀಳಬಾರದು, ಬಗ್ಗಿಸಿ ಗಂಟು ಹಾಕಬಾರದು, ಅದರ ತುದಿಯೊಳಗೆ ಕಣ್ಣಿಟ್ಟು ನೋಡಬಾರದು. ಅದರಲ್ಲಿ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣಿಸುವುದಿಲ್ಲ.

ಮೆಸ್ಕಾಂ ಕರೆಂಟು ಹೋದಾಗ ಇನ್ವರ್ಟರ್ ಇಲ್ಲದ ಮನೆಗೆ ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಸಾಕು. ಯುಪಿಎಸ್ ಕೊಡುವ ವೋಲ್ಟು ಅಡಾಪ್ಟರಿನ ಮೇಲೆ ಬರೆದಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು.

ಪೆಟ್ಟಿಗೆಯ ಬೆನ್ನಿಗೆ ಸೂಜಿ ಹೋಗುವಷ್ಟು ಸಣ್ಣ ತೂತೊಂದಿರುತ್ತದೆ. ಅದರೊಳಗಿನ ರಿಸೆಟ್ ಗುಂಡಿಯನ್ನು ಒತ್ತಿ ಹಿಡಿದರೆ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಎಲ್ಲ ಅಳಿಸಿಹೋಗಿ ಪೆಟ್ಟಿಗೆ ಅಂಗಡಿಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಫೋನಿನಲ್ಲಿ ಸಲಹೆ ಕೊಡುವವರು ‘ರಿಸೆಟ್ ಮಾಡಿ’ ಎಂದು ಬಾಯಿತಪ್ಪಿ ಹೇಳಿ, ಕೇಳಿಸಿಕೊಂಡವರು ಅಕ್ಷರಶಃ ಪಾಲಿಸಿ, ಚಿಕ್ಕ ತೊಂದರೆ ದೊಡ್ಡದಾಗುವುದು ಸಾಮಾನ್ಯ. ‘ಸ್ವಿಚ್ಚು ಆರಿಸಿ ಹಾಕಿ’ ಎಂದೇ ಹೇಳಿ. ತೂತಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿಡಿ. ಸೆಟ್ಟಿಂಗ್ ಪುಟದಲ್ಲಿ ಬ್ಯಾಕಪ್ ತೆಗೆಯುವ ಸೌಲಭ್ಯವಿದ್ದರೆ ಆ ಕಡತವನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ.

ದೀಪ ಓದುವುದು

ದೂರದಿಂದ ನೆರವಾಗುವಾಗ ನಡೆಯುವ ಮಾತು ಹೆಚ್ಚಾಗಿ ಹೀಗಿರುತ್ತದೆ.

“ಕೆಂಪು ಲೈಟ್ ಮಿಣುಕ್ತಾ ಉಂಟು ಮಾರಾಯ, ಎಂತ ಮಾಡುದು?”

“ಅಮ್ಮಾ, ಯಾವ ಲೈಟ್? ಕೆಳಗೆ ಎಂತ ಬರ್ದಿದೆ ನೋಡು.”

“ಸಣ್ಣ ಅಕ್ಷರ, ನನ್ನ ಕನ್ನಡಕಕ್ಕೆ ಕಾಣುದಿಲ್ಲ.”

ಇದಕ್ಕೆ ಪರಿಹಾರವಾಗಿ ಮೂರು ದೀಪಗಳ ಪಕ್ಕ ಬಿಳಿ ಚೀಟಿಯಲ್ಲಿ 1, 2, 3 ಎಂದು ದಪ್ಪಗೆ ಬರೆದು ಅಂಟಿಸಿ. ಒಂದನೆಯದು ‘ಎಲ್‌ಒಎಸ್’ ದೀಪ. ಅದು ಕೆಂಪಾದರೆ ಫೈಬರಿನ ಬೆಳಕು ಪೆಟ್ಟಿಗೆಗೆ ತಲುಪುತ್ತಿಲ್ಲ, ಅಂದರೆ ದಾರಿಯಲ್ಲೆಲ್ಲೋ ಮರ ಬಿದ್ದಿರಬಹುದು, ಎಳೆ ತುಂಡಾಗಿರಬಹುದು, ಬಾಗಿರಬಹುದು. ಮನೆಯೊಳಗೆ ಮಾಡುವಂಥದ್ದು ಏನೂ ಇಲ್ಲ, ದೂರು ಕೊಡುವುದಷ್ಟೇ. ಹಳೆಯ 680 ಇದೇ. ಎರಡನೆಯದು ‘ಪಾನ್’ ದೀಪ. ಅದು ಹಸಿರಾಗಿ ಸ್ಥಿರವಾಗಿ ನಿಲ್ಲಬೇಕು, ಮಿಣುಕುತ್ತಲೇ ಇದ್ದರೆ ಪೆಟ್ಟಿಗೆ ಕಂಪನಿಯ ಉಪಕರಣದಲ್ಲಿ ಇನ್ನೂ ನೋಂದಣಿಯಾಗಿಲ್ಲ. ಮೂರನೆಯದು ‘ಇಂಟರ್ನೆಟ್’ ದೀಪ. ಮೊದಲ ಎರಡೂ ಸರಿಯಿದ್ದು ಇದು ಮಾತ್ರ ಆರಿದ್ದರೆ ಅಥವಾ ಕೆಂಪಾಗಿದ್ದರೆ ಡಯಲ್ ಮಾಡುವುದರಲ್ಲಿ ತೊಡಕಾಗಿದೆ: ಬಿಲ್ಲು ಬಾಕಿಯಿರಬಹುದು, ಪಾಸ್‌ವರ್ಡ್ ಬದಲಾಗಿರಬಹುದು, ಕಂಪನಿಯ ಸರ್ವರ್ ಉತ್ತರಿಸದಿರಬಹುದು. ಮೂರೂ ಸರಿಯಿದ್ದು ಒಂದೇ ಫೋನಿಗೆ ಇಂಟರ್ನೆಟ್ ಬಾರದಿದ್ದರೆ ತೊಂದರೆ ಆ ಫೋನಿನದು. ದೀಪಗಳ ಹೆಸರು, ಬಣ್ಣಗಳು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸ್ವಲ್ಪ ಬೇರೆಯಾಗುವುದರಿಂದ, ಎಲ್ಲವೂ ಸರಿಯಿರುವ ದಿನ ದೀಪಗಳ ಒಂದು ಫೋಟೋ ತೆಗೆದಿಟ್ಟುಕೊಂಡರೆ ಹೋಲಿಸಿ ನೋಡಬಹುದು.

ಸೆಟ್ಟಿಂಗ್ ಪುಟದ ಸ್ಥಿತಿ ವಿವರದಲ್ಲಿ ಒಳಬರುವ ಬೆಳಕಿನ ಪ್ರಮಾಣವನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸಿರುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ಚೆನ್ನಾಗಿದೆ; ಮೈನಸ್ 27ರ ಹತ್ತಿರ ಹೋಗಿದ್ದರೆ ಸಂಪರ್ಕ ಆಗಾಗ ಕಡಿಯುವ ಸಂಭವ ಹೆಚ್ಚು. ‘ನೆಟ್ ಸ್ಲೋ’ ಎಂಬ ದೂರಿಗೆ ಸಿಗದ ಗಮನ ಈ ಒಂದು ಸಂಖ್ಯೆಯನ್ನು ಹೇಳಿದಾಗ ಸಿಗುತ್ತದೆ, ಏಕೆಂದರೆ ಲೈನಿನವರು ತಮ್ಮ ಮೀಟರಿನಲ್ಲಿ ನೋಡುವುದೂ ಅದನ್ನೇ.

ಕೊನೆಗೆ ಒಂದು ಹಾಳೆ. ಅದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿ. ‘ಇಂಟರ್ನೆಟ್ ಬಾರದಿದ್ದರೆ ಬಿಳಿ ಪೆಟ್ಟಿಗೆಯ ಸ್ವಿಚ್ಚು ಆರಿಸಿ. ಒಂದು ನಿಮಿಷ ಬಿಟ್ಟು ಹಾಕಿ. ಐದು ನಿಮಿಷ ಕಾಯಿರಿ. 1 ಕೆಂಪಾಗಿದ್ದರೆ ಕಂಪನಿಗೆ ಫೋನ್ ಮಾಡಿ, ಈ ಗ್ರಾಹಕ ಸಂಖ್ಯೆ ಹೇಳಿ, ಅವರು ಕೊಡುವ ದೂರು ಸಂಖ್ಯೆಯನ್ನು ತಾರೀಕಿನ ಜತೆ ಇಲ್ಲೇ ಕೆಳಗೆ ಬರೆಯಿರಿ. 3 ಆರಿದ್ದರೆ ಮೊದಲು ಮಗನಿಗೆ ಫೋನ್ ಮಾಡಿ. ಆಕಾಶ ಕಪ್ಪಾಗುವಾಗಲೇ ಪ್ಲಗ್ ಕೀಳಿರಿ.’ ಇಷ್ಟೇ ಸಾಕು. ವೈಫೈ ಪಾಸ್‌ವರ್ಡ್ ಇದೇ ಹಾಳೆಯಲ್ಲಿರಲಿ. ಪಿಪಿಪಿಒಇ ಮತ್ತು ಅಡ್ಮಿನ್ ಪಾಸ್‌ವರ್ಡುಗಳು ಬೇರೆ ಹಾಳೆಯಲ್ಲಿ, ಪಾಸ್‌ಬುಕ್ಕುಗಳ ಜತೆ ಒಳಗಿರಲಿ, ಅದರ ಪ್ರತಿಯೊಂದು ನಿಮ್ಮ ಬಳಿಯೂ ಇರಲಿ. ಹಾಳೆ ಅಂಟಿಸಿದ ದಿನವೇ ಮನೆಯವರ ಕೈಯಿಂದ ಒಮ್ಮೆ ಎಲ್ಲವನ್ನೂ ಮಾಡಿಸಿ ನೋಡಿ. ನೀವು ಹೊರಗೆ ಅಂಗಳದಲ್ಲಿ ನಿಂತು ಫೋನಿನಲ್ಲಿ ಕೇಳಿ, ಅವರು ಒಳಗಿನಿಂದ ದೀಪದ ಸಂಖ್ಯೆ ಹೇಳಲಿ. ಎಲ್ಲಿ ತಡವರಿಸುತ್ತಾರೋ ಹಾಳೆಯ ಆ ಸಾಲನ್ನು ಅವರದೇ ಮಾತಿನಲ್ಲಿ ತಿದ್ದಿ ಬರೆಯಿರಿ. ಪೆಟ್ಟಿಗೆಯನ್ನೋ ಕಂಪನಿಯನ್ನೋ ಬದಲಿಸಿದ ದಿನ ಹಳೆಯ ಹಾಳೆಯನ್ನು ಕಿತ್ತು ಹೊಸದನ್ನು ಅಂಟಿಸಬೇಕು, ಚೀಟಿಯ 1, 2, 3 ಕೂಡ ಹೊಸ ಪೆಟ್ಟಿಗೆಯ ದೀಪಗಳ ಕ್ರಮಕ್ಕೆ ಸರಿಯಾಗಿ ಬರಬೇಕು.